ಒಳ್ಳೆಯ ಅಧಿಕಾರಿಯ ಪಾತ್ರ

ನಮ್ಮ ಹೆಡ್‌ಮಾಸ್ಟರ್ ರುಕ್ಮಯ್ಯನವರಿಗೆ ಮಕ್ಕಳ ಭವಿಷ್ಯದ ಚಿಂತೆ ಹತ್ತುವುದು ವರ್ಷಕ್ಕೊಮ್ಮೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ. ಆಗ ಬೆಳ್ತಂಗಡಿ ಪೇಟೆಯ ನಮ್ಮ ಹೈಸ್ಕೂಲಿನ ಗೇಟಿಗೆ 'ಮುಂದೇನು?' ಎಂಬ ಫ್ಲೆಕ್ಸ್ ಬೀಳುತ್ತದೆ. ಅದರಲ್ಲಿ ಪ್ರಶ್ನೆಗಿಂತ ಅವರ ಮುಖ ದೊಡ್ಡದು. ಹದಿನೇಳು ವರ್ಷದಿಂದ ಇಲ್ಲಿ ಕ್ಲಾರ್ಕ್ ಆಗಿರುವ ನನಗೆ ಅವರ ಉತ್ತರ ಬಾಯಿಪಾಠ: ನಮ್ಮದೇ ಆಡಳಿತ ಮಂಡಳಿಯ ಪಿಯು ಕಾಲೇಜು. ಅಲ್ಲಿ ಬೆಂಚುಗಳು ಖಾಲಿ ಬಿದ್ದಿವೆ.

ಈ ಸಲ ಪ್ರಾಪ್ತಿ ಎಂಬ ಹುಡುಗಿಗೆ ಮೂಡುಬಿದಿರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಸೀಟು ಸಿಕ್ಕಿತು. ಆ ಕಾಲೇಜಿನವರು ಹೇಳಿದ ದಿನ ಸಂಜೆ ನಾಲ್ಕರೊಳಗೆ ಅಲ್ಲಿ ಟಿಸಿ ಕೊಡದಿದ್ದರೆ ಸೀಟು ಬೇರೆಯವರ ಪಾಲು. ನಾನು ಟಿಸಿ ಬರೆದಿಟ್ಟಿದ್ದೆ, ಹೆಡ್‌ಮಾಸ್ಟರ ಸಹಿಯೊಂದೇ ಬಾಕಿ. ನಾಲ್ಕು ದಿನ ಅವಳು ಅವರ ಕೋಣೆಯ ಹೊರಗೆ ಕಾದು ನಿಂತಳು.

"ಹೆಣ್ಣುಮಕ್ಕಳಿಗೆ ಸ್ಪ್ಯಾನರ್ ಯಾಕೆ ಮಾರಾಯ್ತಿ? ಸರಿಯಾಗಿ ಆಲೋಚನೆ ಮಾಡು. ನಾಳೆ ಬಾ," ಎಂದರು ನಾಲ್ಕು ದಿನವೂ.

ದಿನಾ ಬೆಳಿಗ್ಗೆ ಆ ಟಿಸಿಯನ್ನು ಅವರ ಮೇಜಿನ ಮೇಲಿಡುತ್ತಿದ್ದೆ. ಸಂಜೆ ಸಹಿಯಿಲ್ಲದೆ ಬಂದದ್ದನ್ನು ಮತ್ತೆ ನನ್ನ ಫೈಲಿಗೆ ಸೇರಿಸುತ್ತಿದ್ದೆ. ನನ್ನ ಶೌರ್ಯ ಅಷ್ಟೇ.

ಐದನೆಯ ದಿನವೇ ಕೊನೆಯ ದಿನ. ಅವತ್ತೇ 'ಮುಂದೇನು?' ಕಾರ್ಯಕ್ರಮ. ಮಂಗಳೂರಿನಿಂದ ಬಂದ ತರಬೇತುದಾರರಾದ ಅನಿಷಾ ಮೇಡಂ ಬಸ್ಸಿನಲ್ಲಿ ಒಬ್ಬರೇ ಪ್ರಯಾಣಿಸುವುದು ಹೇಗೆಂದು ಅರ್ಧ ಗಂಟೆ ಕಲಿಸಿದರು, ಅದೂ ದಿನಾ ಎರಡೆರಡು ಬಸ್ಸು ಬದಲಿಸಿ ಬರುವ ಮಕ್ಕಳಿಗೆ. ಆಮೇಲೆ ಅಧಿಕಾರಿಗಳೊಡನೆ ಮಾತಾಡುವ ಅಭ್ಯಾಸ.

"ಸರ್, ಒಳ್ಳೆಯ ಅಧಿಕಾರಿ ಹೇಗಿರ್ತಾರೆ ಅಂತ ನೀವೇ ಮಾಡಿ ತೋರಿಸಿ," ಎಂದು ಅನಿಷಾ ಹೆಡ್‌ಮಾಸ್ಟರನ್ನು ಕರೆದರು.

ಇವರು ಬಿಡುವವರೇ? ಶಾಲು ಸರಿಮಾಡಿಕೊಂಡು ವೇದಿಕೆಯ ಮೇಜಿನ ಹಿಂದೆ ಕುಳಿತೇಬಿಟ್ಟರು. ಅರ್ಜಿದಾರರಾಗಿ ಯಾರು ಬರುತ್ತೀರಿ ಎಂದು ಅನಿಷಾ ಕೇಳಿದಾಗ ಪ್ರಾಪ್ತಿ ಎದ್ದಳು. ಅಂಕಪಟ್ಟಿ ಹಂಚಲು ಬಾಗಿಲ ಬಳಿ ಫೈಲು ಇಟ್ಟುಕೊಂಡು ಕುಳಿತಿದ್ದ ನನ್ನ ಹತ್ತಿರ ಬಂದಳು.

"ರಾಜೀವಕ್ಕ, ನನ್ನ ಟಿಸಿ ಕೊಡಿ."

ಕೊಟ್ಟೆ. ಅವಳು ವೇದಿಕೆ ಹತ್ತಿ ಅದನ್ನು ಮೇಜಿನ ಮೇಲಿಟ್ಟಳು. "ನಮಸ್ಕಾರ ಸರ್. ನನಗೆ ಮೂಡುಬಿದಿರೆಯಲ್ಲಿ ಸೀಟು ಉಂಟು. ಇವತ್ತು ನಾಲ್ಕು ಗಂಟೆ ಒಳಗೆ ಇದನ್ನು ಕೊಡಬೇಕು. ಸಹಿ ಮಾಡಿ ಸರ್."

ರುಕ್ಮಯ್ಯನವರು ಕಾಗದ ನೋಡಿದರು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? "ನಾಳೆ ಬಾ," ಎಂದರು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಅದು ನಟನೆಯಲ್ಲ ಎಂದು ಗೊತ್ತಿಲ್ಲದವರು ಅನಿಷಾ ಒಬ್ಬರೇ.

"ಅಲ್ಲ ಸರ್, ಅದು ಕೆಟ್ಟ ಅಧಿಕಾರಿ! ಒಳ್ಳೆಯವರು ಈಗಲೇ ಮಾಡಿ ಕೊಡ್ತಾರೆ," ಎಂದು ಪೆನ್ನು ಮುಂದೆ ಹಿಡಿದರು.

ಮುಂದಿನ ಸಾಲಿನ ಪೋಷಕರೆಲ್ಲ ಮೊಬೈಲ್ ಎತ್ತಿ ವೀಡಿಯೊ ಮಾಡುತ್ತಿದ್ದರು. ಹೆಡ್‌ಮಾಸ್ಟರು ಹಲ್ಲು ಕಿರಿಯುತ್ತಾ ಸಹಿ ಹಾಕಿದರು. ಚಪ್ಪಾಳೆಯೂ ಬಿತ್ತು, ಅದಕ್ಕೆ ಕೈಮುಗಿದರು ಕೂಡ. ನಾಚಿಕೆ ಎಂಬುದು ಎಲ್ಲರಿಗೂ ಇರಬೇಕೆಂದು ಕಾನೂನಿಲ್ಲವಲ್ಲ.

ಊಟದ ಹೊತ್ತಿಗೆ ಆಫೀಸಿಗೆ ಬಂದು ಬಾಗಿಲು ಮುಚ್ಚಿದರು.

"ರಾಜೀವಿ, ಅದು ನಾಟಕಕ್ಕೆ ಹಾಕಿದ ಸಹಿ. ಆ ಟಿಸಿ ವಾಪಸ್ ತೆಗೆದಿಡಿ."

"ಸೀಲು ನಾನು ನಿಜವಾಗಿಯೇ ಒತ್ತಿದ್ದೇನೆ ಸರ್," ಎಂದೆ. "ಅವಳು ಹತ್ತಿದ ಮೂಡುಬಿದಿರೆ ಬಸ್ಸು ಈಗ ವೇಣೂರು ದಾಟಿರಬಹುದು."