ಸದಾಶಿವಯ್ಯನವರ ಅಟ್ಟದಲ್ಲಿ ನಮ್ಮ ಕಾಯಿ

ಶೆಟ್ಟಿಕೆರೆಯ ಚಿಕ್ಕಗೌರಮ್ಮ ಅಟ್ಟದ ಮೇಲಿನ ತೆಂಗಿನಕಾಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಇನ್ನೂ ನೀರು ಕುಲುಕಿತು. ಇನ್ನೊಂದು ಎತ್ತಿಕೊಂಡಳು. ಅದರಲ್ಲೂ ನೀರೇ. ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನಬೇಕಾದರೆ ಸಂಕ್ರಾಂತಿ ಬರಬೇಕು. ಅಟ್ಟ ಖಾಲಿ ಮಾಡಲು ಹೇಳಿರುವುದು ಈ ಸೋಮವಾರಕ್ಕೆ.

ಅಟ್ಟ ಅವಳದಲ್ಲ. ಸ್ವಂತ ಮನೆಯ ಅಟ್ಟದ ತೊಲೆಗೆ ಗೆದ್ದಲು ಹಿಡಿದಿತ್ತು. ಅದಕ್ಕೇ ಶಿವರಾತ್ರಿ ಕಳೆದ ಮೇಲೆ ಪಕ್ಕದ ಬೀದಿಯ ಸದಾಶಿವಯ್ಯನವರನ್ನು ಕೇಳಿದ್ದಳು. "ಮನೆ ಖಾಲಿ ಬಿದ್ದೈತೆ, ಹಾಕ್ಕಳಮ್ಮ" ಎಂದು ಅವರು ಕೀಲಿ ಕೊಟ್ಟರು. ಬಾಡಿಗೆಯಿಲ್ಲ, ಕಾಗದವಿಲ್ಲ. ನಮ್ಮ ಕಡೆ ಅಟ್ಟ ಕೊಟ್ಟವರ ಹತ್ತಿರ ಕಾಗದ ಕೇಳಲು ಯಾರಿಗೆ ತಾನೇ ಬಾಯಿ ಬರುತ್ತದೆ? ಈಗ ಅವರು ಆ ಮನೆಯನ್ನು ತಿಪಟೂರಿನ ಜ್ಞಾನೇಶ್ ಎಂಬುವವನಿಗೆ ಮಾರಿದ್ದರು. ಅವನು ಹಳೆಮನೆ ಕೆಡವಿ ಹೊಸದು ಕಟ್ಟುವ ಆತುರದಲ್ಲಿ ಸೋಮವಾರಕ್ಕೆ ಅಟ್ಟ ಖಾಲಿ ಮಾಡಿ ಎಂದು ಹೇಳಿ ಕಳಿಸಿದ್ದ. ಅರೆ ಒಣಗಿದ ಕಾಯನ್ನು ಎತ್ತಿ ಹಾಕಿದರೆ ಬಿರುಕು ಬಿಟ್ಟು ಒಳಗೇ ಕೊಳೆಯುತ್ತದೆ. ವರ್ಷದ ಬೆಳೆಯೆಲ್ಲ ಆ ಅಟ್ಟದಲ್ಲೇ ಇತ್ತು.

ಗಂಡ ಗಂಗರಾಜುವಿಗೆ ಭಯವಾದರೆ ಮೊದಲು ಏರುವುದು ದನಿ. ಹೊಸ ಬೀಗ ತಂದು ಆ ಮನೆಯ ಬಾಗಿಲಿಗೆ ಜಡಿದು ಬಂದ.

"ಎಂಟು ತಿಂಗಳಿಂದ ಕೀಲಿ ನಮ್ ಕೈಯಾಗೈತೆ. ನಾವು ಬಾಡಿಗೆದಾರರಿದ್ದಂಗೆ. ಅದ್ಯಾವನು ಎಬ್ಬಿಸ್ತಾನೋ ನೋಡ್ತೀನಿ!"

"ಅಲ್ಲ ಕಣ್ರೀ, ಪೊಲೀಸ್ರು ಬಂದ್ರೆ?"

ಚಿಕ್ಕಗೌರಮ್ಮ ಊಟ ಬಿಟ್ಟು ಎದ್ದಳು. ಮಹಿಳಾ ಸಂಘದ ವನಜಾಕ್ಷಿಯ ಮನೆಗೆ ಓಡಿದಳು. ವನಜಾಕ್ಷಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ಸುದ್ದಿ ಕೇಳಿದ್ದೇ ಚಪ್ಪಲಿ ಮೆಟ್ಟಿ ಹೊರಟು ಬಂದಳು.

"ಮೊದ್ಲು ಆ ಬೀಗ ತೆಗೀರಿ ಗಂಗರಾಜಣ್ಣ."

"ಯಾಕಮ್ಮ, ನಮ್ಗೆ ಹಕ್ಕಿಲ್ವಾ?"

"ಐತೆ. ನೀವು ಅಂದ್ಕಂಡಿರೋ ಹಕ್ಕಲ್ಲ. ನೀವು ಬಾಡಿಗೆದಾರರಲ್ಲ ಕಣ್ರೀ, ಲೈಸೆನ್ಸಿ. ಅಂದ್ರೆ ಅನುಮತಿದಾರ. ಜಾಗ ಸದಾಶಿವಯ್ಯನವ್ರದ್ದು. ಕಾಯಿ ಇಟ್ಕಳಿ ಅಂತ ಒಪ್ಪಿಗೆ ಕೊಟ್ಟಿದ್ರು, ಅಷ್ಟೇ. ಆ ಒಪ್ಪಿಗೆ ಇರೋಗಂಟ ನೀವು ಒಳಗೆ ಹೋದ್ರೆ ತಪ್ಪಿಲ್ಲ. ಅದು ಮುಗಿದ ಮೇಲೂ ಬೀಗ ಜಡಿದು ಕೂತ್ರೆ ಅದು ಅತಿಕ್ರಮಣ."

"ಹಂಗಾದ್ರೆ ಮನೆ ಕೊಂಡವ್ನು ಕಾಯಿ ಬೀದಿಗೆ ಎಸೀಬೋದಾ?" ಎಂದು ಚಿಕ್ಕಗೌರಮ್ಮ ಕೇಳಿದಳು.

"ಇಲ್ಲ ಕಣಕ್ಕ. ಕಾಯಿ ನಿಮ್ದೇ. ಸಾಗಿಸ್ಕಳಕ್ಕೆ ತಕ್ಕಷ್ಟು ಟೈಮ್ ಕೊಡ್ಬೇಕು ಅಂತ ಕಾನೂನೇ ಐತೆ. ಆದ್ರೆ ಸಂಕ್ರಾಂತಿಗಂಟ ಕೊಡ್ಲೇಬೇಕು ಅಂತೇನಿಲ್ಲ. ಸದಾಶಿವಯ್ಯನವರು ಕೊಟ್ಟ ಮಾತು ಮನೆ ಕೊಂಡವ್ರನ್ನ ಕಟ್ಟಾಕಲ್ಲ. ಕೊಂಡವ್ರನ್ನೇ ಕೇಳಿ ಬರೆಸ್ಕಬೇಕು."

"ಬೀಗ ತೆಗೆದ್ರೆ ಇರೋದೂ ಹೋಯ್ತು ಬುಡು" ಎಂದು ಗಂಗರಾಜು ಗೊಣಗಿದ.

ಚಿಕ್ಕಗೌರಮ್ಮನಿಗೆ ರೇಗಿತು. "ಬೀಗ ಹಾಕಿದ್ರೆ ಕಾಯಿ ಒಣಗ್ತದಾ? ಕೋರ್ಟಿಗೆ ಅಲೆದು ನಾವೇ ಒಣಗ್ತೀವಿ!"

ಗಂಗರಾಜು ಎದ್ದು ಹೋಗಿ ಬೀಗ ತೆಗೆದ.

ಭಾನುವಾರ ಜ್ಞಾನೇಶ್ ಬಂದ. ಬೀಗದ ಸುದ್ದಿ ಅವನಿಗೂ ಮುಟ್ಟಿತ್ತು, ಮುಖ ಗಂಟಿಕ್ಕಿಕೊಂಡೇ ಗಾಡಿಯಿಂದ ಇಳಿದ. ಬಾಗಿಲು ತೆರೆದಿತ್ತು. ಚಿಕ್ಕಗೌರಮ್ಮ ಒಂದು ಕಾಯನ್ನು ಅವನ ಕೈಗಿಟ್ಟಳು. ಅವನೂ ತೆಂಗಿನ ಸೀಮೆಯವನೇ. ಕಿವಿಗೆ ಹಿಡಿದು ಅಲ್ಲಾಡಿಸಿದ.

"ಇನ್ನೂ ನೀರೈತಲ್ಲಕ್ಕ. ಸರಿ, ಹಿಂದಿನ ಕೊಟ್ಟಿಗೆ ಮೊದ್ಲು ಕೆಡವ್ತೀನಿ. ಸಂಕ್ರಾಂತಿಗಂಟ ಇಟ್ಕಳಿ. ಆಮೇಲೆ ಒಂದಿನಾನೂ ಇಲ್ಲ."

ವನಜಾಕ್ಷಿ ಅಲ್ಲೇ ಕಾಗದ ಬಿಡಿಸಿದಳು. ಜಾಗ ಯಾರದು, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂದು ಬರೆದು ಎಲ್ಲರ ಸಹಿ ಹಾಕಿಸಿದಳು. ಗಂಗರಾಜು ಎರಡು ಸಲ ಓದಿಸಿ ಕೇಳಿದ. "ಮುಂದಿನ ವರ್ಷ ಕಾಗದ ಆದ ಮೇಲೇ ಕಾಯಿ ಏರ್ಸೋದು ಕಣೇ" ಎಂದ. ಚಿಕ್ಕಗೌರಮ್ಮನಿಗೆ ಆ ರಾತ್ರಿ ನಿದ್ದೆ ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಾಯಿ ಇವತ್ತು ಯಾರ ಅಟ್ಟದಲ್ಲಿದೆ? ನಿಮ್ಮ ಮೇವಿನ ಬಣವೆ ಯಾರ ಹಿತ್ತಲಲ್ಲಿದೆ? ಅನುಮತಿ ಪಡೆದವರು ಎಷ್ಟು ದಿನಕ್ಕೆಂದು ಬರೆಸಿಕೊಳ್ಳಿ. ಜಾಗ ಮಾರಿದರೆ ಏನು ಎಂಬುದನ್ನೂ ಬರೆಸಿ. ಅನುಮಾನವಿದ್ದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಇದನ್ನು ಇವತ್ತೇ ಮಾಡಿ. ಮನೆ ಕೊಂಡವರೆಲ್ಲ ಕಾಯಿ ಅಲ್ಲಾಡಿಸಿ ನೋಡುವುದಿಲ್ಲ.