ಎರಡನೆಯ ಸೋರೆಕಾಯಿ

ಉದ್ಯಾನದ ಹಿಂಬಾಗಿಲಲ್ಲಿ ತಳ್ಳುಗಾಡಿ ಇಟ್ಟುಕೊಂಡು ತರಕಾರಿ ರಸ ಮಾರುತ್ತಿದ್ದವಳನ್ನು ಎಲ್ಲರೂ ಜ್ಯೂಸಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೂ ಗಿರಾಕಿಗಳ ಹೆಸರು ಗೊತ್ತಿರಲಿಲ್ಲ, ಕಾಯಿಲೆ ಗೊತ್ತಿತ್ತು. ಸಕ್ಕರೆ ತಾತ, ಬಿ.ಪಿ. ಮೇಷ್ಟ್ರು, ಮಂಡಿನೋವಿನ ಅತ್ತೆ. ಬೀಟ್‌ರೂಟ್ ರಕ್ತಕ್ಕೆ, ಕ್ಯಾರೆಟ್ ಕಣ್ಣಿಗೆ, ಶುಂಠಿ ಜೀರ್ಣಕ್ಕೆ, ಸೋರೆಕಾಯಿ ಸಕ್ಕರೆಗೂ ಬೊಜ್ಜಿಗೂ ಎಂದು ಹನ್ನೊಂದು ವರ್ಷದಿಂದ ಹೇಳುತ್ತ ಬಂದಿದ್ದಳು. ಹೇಳಿ ಹೇಳಿ ಅವಳಿಗೇ ಅದು ನಂಬಿಕೆಯಾಗಿಬಿಟ್ಟಿತ್ತು.

ಆವತ್ತು ಗಾಡಿಯ ಚಕ್ರ ದಾರಿಯಲ್ಲಿ ಕೈಕೊಟ್ಟು ಅರ್ಧ ಗಂಟೆ ತಡವಾಯಿತು. ಬಂದು ನೋಡಿದರೆ ಐದಾರು ಜನ ಕಾಯುತ್ತ ನಿಂತಿದ್ದಾರೆ. ಪ್ರತಿ ಸೋರೆಕಾಯಿಯ ತುದಿಯಿಂದ ತೆಳ್ಳಗೆ ಒಂದು ಬಿಲ್ಲೆ ಕೊಯ್ದು, ನಾಲಗೆಗೆ ತಾಗಿಸಿ ನೋಡಿ, ಆಮೇಲೆ ಸಿಪ್ಪೆ ತೆಗೆಯುವುದು ಅವಳ ರೂಢಿ. ಅಮ್ಮನಿಂದ ಬಂದದ್ದು. ಮೊದಲನೆಯದನ್ನು ನೋಡಿದಳು, ಸಪ್ಪಗಿತ್ತು. ಎರಡನೆಯದನ್ನು ಕೈಗೆ ತೆಗೆದುಕೊಳ್ಳುವಾಗ ಯಾರೋ, "ಅಕ್ಕ, ಬೇಗ, ಕೆಲಸಕ್ಕೆ ಹೊತ್ತಾಯ್ತು" ಎಂದರು. ಎರಡೂ ಒಂದೇ ಬುಟ್ಟಿಯವು ತಾನೆ ಎಂದುಕೊಂಡು ಹೆಚ್ಚಿ ಮಿಕ್ಸಿಗೆ ಹಾಕಿಬಿಟ್ಟಳು. ಪುದೀನ, ನಿಂಬೆ, ಉಪ್ಪು ಎಂದಿನಂತೆ.

ಅವಸರದ ಆ ಹುಡುಗಿ ಸ್ಟೀಲ್ ಬಾಟಲಿಗೆ ತುಂಬಿಸಿಕೊಂಡು ಓಡಿದಳು. ಕೊರಳಲ್ಲಿ ಹಸಿರು ಪಟ್ಟಿಯ ಗುರುತಿನ ಚೀಟಿ ಹಾಕಿಕೊಳ್ಳುವ ಬ್ಯಾಂಕಿನ ಹುಡುಗಿ ಅವಳು. ಅವಳ ಹಿಂದೆ ನಿಂತಿದ್ದ ಸಕ್ಕರೆ ತಾತ ಒಂದು ಲೋಟ ಗಟಗಟ ಕುಡಿದು, ಮುಖ ಕಿವುಚಿ, ಮೀಸೆ ಒರೆಸಿಕೊಂಡು, "ಇವತ್ತು ಸರಿಯಾಗಿದೆ. ಇನ್ನೊಂದು ಕೊಡವ್ವ" ಎಂದರು. ಅವಳಿಗೆ ಖುಷಿಯೇ ಆಯಿತು. ಕೊಟ್ಟಳು.

ಉಳಿದವರು ಕ್ಯಾರೆಟ್, ಬೀಟ್‌ರೂಟ್ ಕುಡಿದು ಹೋಗುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಆಮೇಲೆ ಬಿ.ಪಿ. ಮೇಷ್ಟ್ರು ಬಂದು ಸೋರೆಕಾಯಿ ರಸ ಕೇಳಿದರು. ಒಂದು ಗುಟುಕು ಬಾಯಿಗೆ ಹಾಕಿದವರೇ ಚರಂಡಿಯ ಕಡೆ ಓಡಿ ಉಗುಳಿದರು.

"ಏನಮ್ಮ, ಹಾಗಲಕಾಯಿ ಹಾಕಿದ್ಯಾ?"

ಅವಳು ಜಗ್ಗಿನೊಳಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಕಹಿ. ಹಾಗಲದ ಕಹಿಯಲ್ಲ, ನಾಲಗೆಯ ಬುಡ ಹಿಡಿದು ಬಿಡದ ಕಹಿ. ಕಹಿ ಸೋರೆ ಅಂದರೆ ವಿಷ, ದನಕ್ಕೂ ಹಾಕಬೇಡ ಎಂದು ಅಮ್ಮ ಹೇಳುತ್ತಿದ್ದದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಒಳಗೆ ಹೋಯ್ತಾ ಮೇಷ್ಟ್ರೇ?"

"ಇಲ್ಲ, ಉಗುಳಿದೆ. ಯಾಕೆ, ಮುಖ ಯಾಕೆ ಹಂಗಾಯ್ತು?"

"ಚೆನ್ನಾಗಿ ಬಾಯಿ ಮುಕ್ಕಳಿಸಿ. ಗಾಡಿ ಹತ್ರನೇ ಇರಿ. ಯಾರಿಗೂ ಏನೂ ಕೊಡ್ಬೇಡಿ."

ಕಟ್ಟಿಕೊಂಡಿದ್ದ ಏಪ್ರನ್ ಬಿಚ್ಚುವುದನ್ನೂ ಮರೆತು ಓಡಿದಳು.

ತಾತನ ಅಂಗಡಿ ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಗಡಿಯಾರ ರಿಪೇರಿ ಮಾಡುತ್ತಾರೆ ಎಂದಷ್ಟೇ ಗೊತ್ತು. ಬ್ಯಾಂಕು ಮಾತ್ರ ಎರಡೇ ತಿರುವಿನಾಚೆ. ಬಾಗಿಲ ಕಾವಲಿನವನು ತಡೆದ. "ಹಸಿರು ಪಟ್ಟಿ ಇರೋ ಹುಡುಗಿ" ಎಂದರೆ, "ಇಲ್ಲಿ ಎಲ್ಲರದ್ದೂ ಹಸಿರೇ" ಎಂದ. ಗಾಜಿನ ಬಾಗಿಲ ಮೇಲೆ ಎರಡೂ ಕೈಯಿಂದ ಬಡಿದಳು. ಮೂರನೇ ಕೌಂಟರಿನಿಂದ ಹುಡುಗಿ ತಲೆಯೆತ್ತಿ ನೋಡಿ ಹೊರಗೆ ಬಂದಳು.

"ಕುಡಿದ್ಯಾ? ಬಾಟ್ಲಿ ಎಲ್ಲಿ?"

ಹುಡುಗಿ ತುಟಿ ಕಚ್ಚಿಕೊಂಡಳು. "ಬೇಜಾರ್ ಮಾಡ್ಕೋಬೇಡಿ ಅಕ್ಕ. ನಾನು ಒಂದಿನಾನೂ ಕುಡಿದಿಲ್ಲ. ಬಾಟ್ಲಿ ಫೋಟೋ ತೆಗೆದು ಅಮ್ಮಂಗೆ ಕಳಿಸ್ತೀನಿ, ಆಮೇಲೆ ಸಿಂಕಿಗೆ ಸುರೀತೀನಿ. ಇವತ್ತೂ ಅಷ್ಟೇ."

ಎಂಟು ತಿಂಗಳ ರಸ ದಿನಾ ಬೆಳಿಗ್ಗೆ ಸಿಂಕಿಗೆ ಹೋಗಿದೆ. ಬೇರೆ ದಿನವಾಗಿದ್ದರೆ ಜ್ಯೂಸಕ್ಕನಿಗೆ ಉರಿದುಹೋಗುತ್ತಿತ್ತು. ಈಗ ಆ ಹುಡುಗಿಯ ಎರಡೂ ಕೆನ್ನೆ ಹಿಡಿದು, "ಒಳ್ಳೇ ಕೆಲಸ ಮಾಡಿದೆ ಮಗಳೇ" ಎಂದು ಹೇಳಿ, ಅವಳ ಬೆರಗು ನೋಡಲೂ ನಿಲ್ಲದೆ ತಿರುಗಿದಳು. ಉಳಿದವರು ಒಬ್ಬರೇ. ಆ ಒಬ್ಬರು ಕುಡಿದದ್ದು ಎರಡು ಲೋಟ.

ಗಡಿಯಾರದಂಗಡಿ ಎಲ್ಲಿ ಎಂದು ಸಿಕ್ಕಸಿಕ್ಕವರನ್ನು ಕೇಳಿದಳು. ಮೊದಲನೆಯ ಅಂಗಡಿಯಲ್ಲಿ ಹರೆಯದವನೊಬ್ಬ ಕೂತಿದ್ದ. ಎರಡನೆಯದು ಮೆಟ್ಟಿಲ ಕೆಳಗಿನ ಒಂದು ಗೂಡು. ಶಟರ್ ಅರ್ಧಕ್ಕೆ ಇಳಿದಿತ್ತು. ಪಕ್ಕದ ಚಪ್ಪಲಿ ಅಂಗಡಿಯವನು, "ತಾತ ಹೊಟ್ಟೆ ತೊಳೆಸ್ತಿದೆ ಅಂತ ಒಳಗೆ ಹೋದ್ರು. ಸ್ವಲ್ಪ ಮಲಗಿದ್ದಾರೇನೋ" ಎಂದ.

ಬಗ್ಗಿ ಒಳಗೆ ನುಸುಳಿದಳು. ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು. ಮೇಜಿನ ದೀಪ ಉರಿಯುತ್ತಿತ್ತು, ಅದರಡಿ ಬಿಚ್ಚಿಟ್ಟ ಕೈಗಡಿಯಾರ. ತಾತ ಮೇಜಿನ ಹಿಂದೆ ನೆಲದ ಮೇಲೆ ಮಡಚಿಕೊಂಡು ಬಿದ್ದಿದ್ದರು. ಪಕ್ಕದ ಬಕೆಟ್ಟಿನಲ್ಲಿ ಹಸಿರು ವಾಂತಿ. ಅದರಲ್ಲಿ ಕೆಂಪಗೆ ಎಳೆ ಎಳೆ. ಕೈ ಮುಟ್ಟಿದರೆ ತಣ್ಣಗೆ, ಬೆವರಿನಿಂದ ಅಂಟಂಟು.

"ತಾತ, ಕಹಿ ಅನ್ನಿಸ್ಲಿಲ್ವಾ? ಯಾಕೆ ಕುಡಿದ್ರಿ?"

ಅವರು ಕಣ್ಣು ತೆರೆದರು. "ಕಹಿ ಇದ್ದಷ್ಟೂ ಸಕ್ಕರೆಗೆ ಒಳ್ಳೇದು ಅಂತ... ನೀನೇ ಹೇಳಿದ್ದೆಯಲ್ಲವ್ವ."

ಹೌದು, ಹೇಳಿದ್ದಳು. ಹಾಗಲಕಾಯಿ ರಸದ ಬಗ್ಗೆ ಹೇಳಿದ್ದ ಮಾತು. ಅವರು ಅದನ್ನು ಎಲ್ಲ ಕಹಿಗೂ ಸೇರಿಸಿ ಇಟ್ಟುಕೊಂಡಿದ್ದರು. ಅವಳು ಹೊರಗೆ ನುಸುಳಿ ಚಪ್ಪಲಿ ಅಂಗಡಿಯವನನ್ನು ಕೂಗಿದಳು.

ಚಪ್ಪಲಿ ಅಂಗಡಿಯವನ ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ದಾರಿಯುದ್ದಕ್ಕೂ ತಾತನ ತಲೆ ಅವಳ ತೊಡೆಯ ಮೇಲಿತ್ತು. ಎರಡು ಸಲ ಅವರ ಕೈ ಸಡಿಲವಾಯಿತು. ಎರಡು ಸಲವೂ ಅವಳು ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಇದೆಯೇ ಎಂದು ನೋಡಿದಳು.

ತುರ್ತು ವಿಭಾಗದಲ್ಲಿ ಅವರನ್ನು ಮಂಚಕ್ಕೆ ಹಾಕಿ ಪರದೆ ಎಳೆದರು. ಎಳೆಯ ವೈದ್ಯೆಯೊಬ್ಬಳು ಎದೆಗೆ ತಂತಿಗಳನ್ನು ಅಂಟಿಸುತ್ತ, "ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ, ಹೃದಯದ್ದೇ ಇರಬೇಕು" ಎಂದು ನರ್ಸಿಗೆ ಹೇಳುತ್ತಿದ್ದಳು. ಅಷ್ಟರಲ್ಲಿ, ಚಪ್ಪಲಿ ಅಂಗಡಿಯವನ ಫೋನು ಸಿಕ್ಕಿ, ತಾತನ ಮಗಳು ಬಂದಳು, ಶಾಲೆಯ ಆಫೀಸಿನಿಂದ ನೇರವಾಗಿ, ಬೆರಳಿಗೆ ಮೊಹರಿನ ಶಾಯಿ ಹಾಗೇ ಇತ್ತು. "ಬೆಳಿಗ್ಗೆ ಚೆನ್ನಾಗಿದ್ರು. ನನ್ನ ಹತ್ರ ಮಾತಾಡಿದ್ರು" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು.

ವೈದ್ಯೆ ಪರದೆಯಿಂದ ತಲೆ ಹೊರಗೆ ಹಾಕಿದಳು. "ಇವತ್ತು ಏನು ತಿಂದಿದ್ದಾರೆ, ಗೊತ್ತಾ?"

ಮಗಳು ತಲೆಯಾಡಿಸಿದಳು, ಗೊತ್ತಿಲ್ಲ.

ಇಲ್ಲಿ ಜ್ಯೂಸಕ್ಕನನ್ನು ಯಾರೂ ಏನೂ ಕೇಳಿರಲಿಲ್ಲ. ಹೊತ್ತು ತಂದ ಪುಣ್ಯಾತ್ಗಿತ್ತಿ ಎಂದೇ ಎಲ್ಲರೂ ಅಂದುಕೊಂಡಿದ್ದರು. ಹೇಳಿದರೆ ಪೊಲೀಸರು ಬರಬಹುದು, ಗಾಡಿ ಹೋಗಬಹುದು, ತಾತನ ಮಗಳು ಇಲ್ಲೇ ತನ್ನ ಜುಟ್ಟು ಹಿಡಿಯಬಹುದು. ಕಾಲು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟದ್ದು ಅವಳಿಗೇ ತಿಳಿಯಿತು.

"ಸೋರೆಕಾಯಿ ರಸ," ಎಂದಳು. "ಕಹಿ ಸೋರೆಕಾಯಿ. ಎರಡು ಲೋಟ, ಒಂಬತ್ತು ಗಂಟೆಗೆ. ನಾನೇ ಕೊಟ್ಟಿದ್ದು."

ವೈದ್ಯೆ ಒಳಗೆ ತಿರುಗಿ ಹಿರಿಯ ವೈದ್ಯರನ್ನು ಕೂಗಿದಳು. ಪರದೆಯೊಳಗೆ ಕಾಲುಗಳ ಓಡಾಟ ಜೋರಾಯಿತು.

ಹಿರಿಯರು ಹೊರಗೆ ಬಂದು ಇಬ್ಬರಿಗೂ ಕೇಳುವಂತೆ ಹೇಳಿದರು: "ಇದಕ್ಕೇ ಅಂತ ಬೇರೆ ಔಷಧಿ ಇಲ್ಲ. ಸಲೈನ್ ಕೊಟ್ಟು ರಕ್ತದೊತ್ತಡ ಹಿಡಿದು ನಿಲ್ಲಿಸ್ಬೇಕು, ಹೊಟ್ಟೆಯೊಳಗಿನ ರಕ್ತ ನಿಲ್ಲಬೇಕು. ಗೊತ್ತಾಗಿದ್ದು ಒಳ್ಳೇದಾಯ್ತು. ಹೃದಯ ಅಂತ ರಕ್ತ ತೆಳು ಮಾಡೋ ಮದ್ದು ಕೊಟ್ಟಿದ್ರೆ ಕಷ್ಟ ಇತ್ತು. ನಾಳೆವರೆಗೂ ಏನೂ ಹೇಳಕ್ಕಾಗಲ್ಲ."

ಮಗಳು ಬೆಂಚಿನ ಮೇಲೆ ಕುಳಿತಳು. ಬೆರಳಿನ ಶಾಯಿ ಉಜ್ಜುತ್ತ ಕೇಳಿದಳು, "ನೀವು ರುಚಿ ನೋಡಿರ್ಲಿಲ್ವಾ?"

"ಮೊದಲನೇದು ನೋಡಿದ್ದೆ. ಎರಡನೇದು ನೋಡ್ಲಿಲ್ಲ."

ಮಗಳು ಎದ್ದು ಪರದೆಯ ಹತ್ತಿರ ಹೋಗಿ ನಿಂತಳು. ಬೈದಿದ್ದರೆ ಜ್ಯೂಸಕ್ಕ ಸಹಿಸಿಕೊಳ್ಳಬಹುದಿತ್ತು.

ಮೂರು ದಿನ ಜ್ಯೂಸಕ್ಕ ಆಸ್ಪತ್ರೆಯ ಕಾರಿಡಾರಿನಲ್ಲೇ ಇದ್ದಳು. ಮನೆಗೆ ಹೋದರೂ ಸ್ನಾನ ಮಾಡಿ ಓಡಿ ಬರುತ್ತಿದ್ದಳು. ನರ್ಸ್ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಬಾಯಿಗೆ ಏನು ಹಾಕಿಕೊಂಡರೂ ಮೊದಲು ನಾಲಗೆಯ ತುದಿಗೆ ತಾಗಿಸಿ ಕಾಯುತ್ತಿದ್ದಳು, ನೀರನ್ನೂ ಕೂಡ. ಎರಡನೇ ದಿನ ತಾತನ ರಕ್ತದೊತ್ತಡ ಮತ್ತೆ ಕುಸಿಯಿತು. ಮಗಳನ್ನು ಒಳಗೆ ಕರೆಸಿದರು. ಅವಳು ಹೊರಗೆ ಬರುವವರೆಗಿನ ಇಪ್ಪತ್ತು ನಿಮಿಷ ಜ್ಯೂಸಕ್ಕ ಗೋಡೆಗೆ ಹಣೆಯಿಟ್ಟು ನಿಂತಿದ್ದಳು. ಮಗಳು ಬಂದು, "ಇದ್ದಾರೆ" ಎಂದಷ್ಟೇ ಹೇಳಿದಳು. ಅವಳಿಗೂ ಅದನ್ನು ಯಾರಿಗಾದರೂ ಹೇಳಬೇಕಿತ್ತು.

ನಾಲ್ಕನೇ ದಿನ ರಕ್ತ ನಿಂತಿತು. ಏಳನೇ ದಿನ ತಾತ ದಿಂಬಿಗೊರಗಿ ಕೂತು, ತಾನು ಬಿಚ್ಚಿಟ್ಟ ಕೈಗಡಿಯಾರದ ಸ್ಕ್ರೂ ಯಾರಾದರೂ ಗುಡಿಸಿಬಿಟ್ಟರೇನೋ ಎಂದು ಗೊಣಗಿದರಂತೆ. ಜ್ಯೂಸಕ್ಕ ಒಳಗೆ ಹೋಗಲಿಲ್ಲ. ಬಾಗಿಲ ಗಾಜಿನಿಂದ ನೋಡಿದಳು; ಮುಖ ಅರ್ಧ ಆಗಿತ್ತು, ಮೀಸೆ ಜೋತುಬಿದ್ದಿತ್ತು.

ಬಿಡುಗಡೆಯ ದಿನ ವೀಲ್‌ಚೇರ್ ಬೇಡವೆಂದು ತಾತ ಹಟ ಮಾಡಿದರು. ಎದ್ದು ನಿಂತರೆ ಕಾಲು ನಡುಗುತ್ತಿತ್ತು. ಮಗಳು ಒಂದು ತೋಳು ಹಿಡಿದು ಕಾರಿಡಾರಿನ ಆಚೆ ತುದಿಯಲ್ಲಿ ನಿಂತಿದ್ದವಳನ್ನು ನೋಡಿದಳು.

"ಬನ್ನಿ, ಆ ಕಡೆ ನೀವು ಹಿಡ್ಕೊಳಿ."

ಜ್ಯೂಸಕ್ಕ ಕೈ ಸೀರೆಗೆ ಒರೆಸಿಕೊಂಡು ಬಂದು ಹಿಡಿದಳು. ತಾತ ತೂಕವೇ ಇಲ್ಲದಷ್ಟು ಹಗುರವಾಗಿದ್ದರು. ಮೂವರೂ ಮೆಟ್ಟಿಲಿಳಿಯತೊಡಗಿದರು. ಒಂದೊಂದು ಮೆಟ್ಟಿಲಿಗೂ ಅವಳು ಮೊದಲು ತನ್ನ ಕಾಲಿಟ್ಟು ಗಟ್ಟಿ ಮಾಡಿಕೊಂಡು, ಆಮೇಲೆ, "ಈಗ ಇಡಿ ತಾತ" ಎನ್ನುತ್ತಿದ್ದಳು.