ಜಾಮೀನಿಗೊಬ್ಬ

ಯಲ್ಲೇಶನಿಗೆ ಆ ದಿನ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಾವೇರಿಯ ಸಣ್ಣ ದಿನಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷ ಅಪಘಾತ, ಕಳವು, ಸನ್ಮಾನಗಳ ಸುದ್ದಿ ಬರೆದು ಬರೆದು ಸಾಕುಸಾಕಾಗಿ ಹೋಗಿದ್ದ. 2006ರ ಆ ಬೇಸಿಗೆಯಲ್ಲಿ ದೆಹಲಿಯ ಸಂಸ್ಥೆಯೊಂದು ಜೈಲು, ಕೋರ್ಟುಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಪತ್ರಕರ್ತರಿಗೆ ಫೆಲೋಶಿಪ್ ಪ್ರಕಟಿಸಿತ್ತು. ಆರು ತಿಂಗಳ ಸಂಬಳ, ಮೇಲೊಂದು ಕ್ಯಾಮೆರಾ. ಪುಣ್ಯಾತ್ಮ ಕನಸಿನಲ್ಲೂ ಆ ಕ್ಯಾಮೆರಾ ಹೊತ್ತು ತಿರುಗುತ್ತಿದ್ದ.

ಕಥೆಯೂ ಕೈಗೆ ಸಿಕ್ಕಿತ್ತು. ಬ್ಯಾಡಗಿ ಮಾರುಕಟ್ಟೆಯ ಹಮಾಲ ಉಡಚಪ್ಪ ಎರಡು ಚೀಲ ಮೆಣಸಿನಕಾಯಿ ಕದ್ದ ಆರೋಪದ ಮೇಲೆ ಜೈಲು ಸೇರಿದ್ದ. ಕೋರ್ಟು ಜಾಮೀನು ಕೊಟ್ಟು ಏಳು ತಿಂಗಳಾದರೂ ಹೊರಗೆ ಬಂದಿರಲಿಲ್ಲ. ಹೊಲದ ಉತಾರ, ಅಂದರೆ ಪಹಣಿ ತೋರಿಸಿ ಜಾಮೀನಿಗೆ ನಿಲ್ಲುವವರು ಅವನಿಗೆ ಒಬ್ಬರೂ ಇರಲಿಲ್ಲ. ಅವನು ಹೊರಗೆ ಬಂದರೆ ಚಿತ್ರವೇ ಇಲ್ಲ. ಈ ಮಾತನ್ನು ಯಲ್ಲೇಶ ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಫೆಲೋಶಿಪ್ಪಿನ ಅರ್ಜಿಗೆ ಕೈದಿಯ ಮನೆಯವರ ಒಪ್ಪಿಗೆ ಬೇಕಿತ್ತು. ಅರ್ಜಿ ಕಳಿಸಲು ಅಂದೇ ಕೊನೆಯ ದಿನ. ಹಾವೇರಿಯಿಂದ ಸಂಜೆ ಐದಕ್ಕೆ ಕೊರಿಯರ್ ಹೊರಡುತ್ತದೆ. ಎರಡು ಗಂಟೆಗೆ ಬ್ಯಾಡಗಿಗೆ ಬೈಕು ಓಡಿಸಿಕೊಂಡು ಬಂದವನೇ ಉಡಚಪ್ಪನ ಹೆಂಡತಿ ಶೇಖವ್ವನ ಮುಂದೆ ಕಾಗದ ಹಿಡಿದ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಅವಳು ಸೆರಗಿಗೆ ಕೈ ಒರೆಸಿ, ಏನು ಎತ್ತ ಎಂದು ಕೇಳದೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಅಳುಕುತ್ತ ಕೇಳಿದಳು.

"ಸರ, ನಿಮಗ ಹೊಲ ಐತೇನ್ರಿ?"

ಹಾವೇರಿ ಬಳಿಯ ಕರ್ಜಗಿಯಲ್ಲಿ ಅವನ ಹೆಸರಿಗೆ ಎರಡೆಕರೆ ಇತ್ತು.

"ಇಲ್ಲವ್ವಾ," ಎಂದುಬಿಟ್ಟ. ನಾಲಿಗೆ ಅವನಿಗಿಂತ ಅವಸರದಲ್ಲಿತ್ತು.

ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ಶೇಖವ್ವನೇ ನಾಚಿಕೊಂಡಳು. "ಅಯ್ಯ, ಹೋಗ್ಲಿ ಬಿಡ್ರಿ. ನೀವೂ ನಮ್ಮಂಗ ಅಂದಂಗಾತು. ಕುಂದ್ರಿ, ಚಾ ಕುಡದು ಹೋಗ್ರಿ."

ಪಕ್ಕದ ಮನೆಯ ಚಮನಬಿಯ ಹತ್ತಿರ ಹಾಲು ತಂದು ಚಹಾ ಕಾಸಿದಳು. ಯಲ್ಲೇಶ ಗಡಿಯಾರ ನೋಡಿಕೊಂಡ, ಎದ್ದು ಬಾಗಿಲವರೆಗೆ ಹೋದ, ಮತ್ತೆ ಬಂದು ಕೂತ. ಚಹಾದ ಲೋಟ ಕೆಳಗಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇವಳು ಅವನನ್ನು ತಮ್ಮೊಳಗೊಬ್ಬನನ್ನಾಗಿ ಮಾಡಿಕೊಂಡಿದ್ದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಶೇಖವ್ವಾ, ನಾ ಸುಳ್ಳ ಹೇಳಿದೆ. ಕರ್ಜಗ್ಯಾಗ ಎರಡ ಎಕರೆ ಐತಿ."

ಅವಳು ಅಳಲೂ ಇಲ್ಲ, ಹರಸಲೂ ಇಲ್ಲ. ಅವನ ಮುಖವನ್ನೊಮ್ಮೆ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಚಪ್ಪಲಿ ಮೆಟ್ಟಿದಳು.

"ಹಂಗಾರ ಲಗೂ ಏಳ್ರಿ. ಉತಾರ ಕೊಡೋ ಕಚೇರಿ ಮುಚ್ಚತೈತಿ."